ಕೊಡಗಿನ ಸ್ಕೌಟ್ ದಳಗಳಿಗೆ ಬೇಕಿರುವುದು ಶನಿವಾರ

ಜುಲೈ ತಿಂಗಳ ಒಂದು ಶನಿವಾರ, ಮಡಿಕೇರಿ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಜಗಲಿ. ಬೆಳಗಿನ ತರಗತಿ ಮುಗಿದು ಮಕ್ಕಳೆಲ್ಲ ಕೊಡೆ ಬಿಚ್ಚಿಕೊಂಡು ಮನೆ ದಾರಿ ಹಿಡಿದಾಗಿತ್ತು. ಹೊರಗೆ ಮಳೆ ಹಿಡಿದು ಕೂತಿತ್ತು. ಹೆಂಚಿನ ಅಂಚಿನಿಂದ ಇಳಿಯುವ ನೀರಿಗೆ ಅಂಗಳದಲ್ಲಿ ಸಾಲಾಗಿ ಗುಳಿ ಬಿದ್ದಿದ್ದವು. ಜಗಲಿಯಲ್ಲಿ ಉಳಿದವರು ಏಳು ಹುಡುಗಿಯರು, ಒಬ್ಬೊಬ್ಬರ ಕೈಯಲ್ಲೂ ಮಾರುದ್ದದ ನೈಲಾನ್ ಹಗ್ಗ. ಅವರಲ್ಲೊಬ್ಬಳು ಹಗ್ಗವನ್ನು ಪಕ್ಕದವಳ ಸೊಂಟಕ್ಕೆ ಸುತ್ತಿದಳು. ಎಡಗೈಯಲ್ಲಿ ಚಿಕ್ಕ ಕುಣಿಕೆ ಮಾಡಿದಳು. ತುದಿಯನ್ನು ಕೆಳಗಿನಿಂದ ಕುಣಿಕೆಯೊಳಗೆ ತೂರಿಸಿ, ಉದ್ದ ಹಗ್ಗದ ಹಿಂದಿನಿಂದ ಬಳಸಿ ತಂದು, ಮತ್ತೆ ಅದೇ ಕುಣಿಕೆಯೊಳಗೆ ಇಳಿಸಿ ಜಗ್ಗಿದಳು. ‘ಈಗ ಎಷ್ಟು ಎಳೆದ್ರೂ ಬಿಗಿಯೋದಿಲ್ಲ ನೋಡು’ ಎಂದಳು. ಅದು ಬೋಲೈನ್ ಗಂಟು. ನೀರಿಗೆ ಬಿದ್ದವರನ್ನು, ಹಳ್ಳಕ್ಕೆ ಜಾರಿದವರನ್ನು ಮೇಲೆತ್ತಲು ಹಾಕುವ ಗಂಟು. ಎಳೆದಷ್ಟೂ ಗಟ್ಟಿಯಾಗುತ್ತದೆ, ಆದರೆ ಸೊಂಟವನ್ನು ಹಿಸುಕುವುದಿಲ್ಲ.

ಕಲಿಸುತ್ತಿದ್ದವಳು ಕಾಫಿ ತೋಟದ ಲೈನ್ ಮನೆಯ ಹುಡುಗಿ, ಅಪ್ಪ ಅಮ್ಮ ಅಸ್ಸಾಮಿನಿಂದ ಕೆಲಸಕ್ಕೆ ಬಂದವರು. ಹಗ್ಗ ಸುತ್ತಿಸಿಕೊಂಡವಳ ಮನೆಯಲ್ಲಿ ಅರೆಭಾಷೆ. ಪಕ್ಕದಲ್ಲಿ ಕೂತು ಗಂಟು ಬಿಚ್ಚಲಾಗದೆ ಒದ್ದಾಡುತ್ತಿದ್ದವಳ ಮನೆಯಲ್ಲಿ ಮಲಯಾಳ. ಬುಡಕಟ್ಟು ಜನರ ಹಾಡಿಯಿಂದ ಬರುವ ಹುಡುಗಿಯದು ಎರವ ಭಾಷೆ. ಏಳು ಮಕ್ಕಳಲ್ಲಿ ಮನೆಮಾತು ಐದು, ಗಂಟಿನ ಪಾಠ ಮಾತ್ರ ಕನ್ನಡದಲ್ಲಿ. ಹುಡುಗಿಯರ ದಳ ನಡೆಸುವ ಗೈಡ್ ಕ್ಯಾಪ್ಟನ್ ಆಗಿದ್ದ ಟೀಚರ್ ದೂರದಲ್ಲಿ ಕೂತು ಯಾವುದೋ ವಹಿ ತುಂಬುತ್ತಿದ್ದರು. ಅವರು ಎದ್ದು ಬಂದು ತಿದ್ದಬೇಕಾದ ಪ್ರಮೇಯವೇ ಬರಲಿಲ್ಲ.

ಕೊಡಗಿನಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಏನು ಮಾಡಿದೆ ಎಂದು ಯಾರಾದರೂ ಕೇಳಿದಾಗ ನನಗೆ ನೆನಪಾಗುವುದು ಈ ಜಗಲಿ. ಸಾಮಾನ್ಯವಾಗಿ ಕೊಡುವ ಉತ್ತರ ಬೇರೆ: ಇಷ್ಟು ಮಂದಿಗೆ ರಾಜ್ಯ ಪುರಸ್ಕಾರ, ಇಷ್ಟು ಮಂದಿಗೆ ರಾಷ್ಟ್ರಪತಿ ಪುರಸ್ಕಾರ, ಇಂಥ ರ‍್ಯಾಲಿಗೆ ಜಿಲ್ಲೆಯಿಂದ ಇಷ್ಟು ಮಕ್ಕಳು. ಆ ಲೆಕ್ಕ ಸುಳ್ಳಲ್ಲ. ಪ್ರಥಮ ಸೋಪಾನದಿಂದ ಒಂದೊಂದೇ ಮೆಟ್ಟಿಲು ಹತ್ತಿ ಆ ಪದಕ ತಲುಪಿದ ಮಗುವಿನ ಶ್ರಮ ದೊಡ್ಡದು. ಆದರೆ ಊರಿಗೆ ದಕ್ಕಿದ್ದೇನು ಎಂದು ಅಳೆಯಲು ಆ ಕೋಲು ಸಾಲದು. ಊರಿಗೆ ದಕ್ಕುವುದು ವಾರಕ್ಕೊಮ್ಮೆ, ಸದ್ದಿಲ್ಲದೆ, ಒಬ್ಬ ಮೇಷ್ಟ್ರು ಅಥವಾ ಟೀಚರ್ ಬಿಡುವು ಮಾಡಿಕೊಂಡ ಒಂದು ಮಧ್ಯಾಹ್ನದಲ್ಲಿ. ಆ ಮಧ್ಯಾಹ್ನ ಈಗ ಕೈತಪ್ಪುತ್ತಿದೆ ಎಂಬುದೇ ನನ್ನ ಆತಂಕ.

ಹಿನ್ನೆಲೆ ಸ್ವಲ್ಪ ಹೇಳಬೇಕು. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ ಪ್ರಾಯೋಗಿಕ ಶಿಬಿರದಿಂದ ಹುಟ್ಟಿದ ಈ ಚಳವಳಿ ಭಾರತದಲ್ಲಿ ಮೊದಲು ಕಾಲಿಟ್ಟದ್ದು ನಮ್ಮ ಬೆಂಗಳೂರಿನಲ್ಲಿ, 1909ರಲ್ಲಿ. ಆಗ ಅದು ಬ್ರಿಟಿಷರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳಿಗಷ್ಟೇ ಮೀಸಲು. ನಮ್ಮ ಮಕ್ಕಳಿಗೆ ಬಾಗಿಲು ತೆರೆಯಲು ಆನಿ ಬೆಸೆಂಟ್ ಮದ್ರಾಸಿನಲ್ಲಿ ಬೇರೆ ಸಂಘ ಕಟ್ಟಬೇಕಾಯಿತು, ಮದನ ಮೋಹನ ಮಾಳವೀಯ ಮತ್ತು ಹೃದಯನಾಥ ಕುಂಜ್ರು ಉತ್ತರದಲ್ಲಿ ಸೇವಾ ಸಮಿತಿಯ ದಳಗಳನ್ನು ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಬೇರೆಬೇರೆಯಾಗಿದ್ದ ಸಂಘಗಳು ಸೇರಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ಆಗ ಕೊಡಗು ಇನ್ನೂ ತನ್ನದೇ ಪುಟ್ಟ ರಾಜ್ಯ, ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ರಂದು. ಅಂದರೆ ಯಾರಿಗೆ ಒಳಗೆ ಬರಲು ಅವಕಾಶ, ಯಾರಿಗಿಲ್ಲ ಎಂಬ ಪ್ರಶ್ನೆ ಈ ಚಳವಳಿಯ ಜೊತೆಗೇ ಈ ದೇಶಕ್ಕೆ ಬಂತು. ಬೇರೆ ರೂಪದಲ್ಲಿ ಅದು ಇವತ್ತಿಗೂ ಕೊಡಗಿನಲ್ಲಿ ಜೀವಂತವಾಗಿದೆ.

ಬಯಲುಸೀಮೆಯ ಊರಿನಲ್ಲಿ ಬೀದಿ ಇರುತ್ತದೆ. ಸಂಜೆಯಾದರೆ ಮಕ್ಕಳು ಬೀದಿಗಿಳಿಯುತ್ತಾರೆ, ಯಾರ ಮನೆಯ ಮಗು ಯಾರ ಜೊತೆ ಆಡುತ್ತಿದೆ ಎಂದು ಯಾರೂ ಲೆಕ್ಕವಿಡುವುದಿಲ್ಲ. ಕೊಡಗಿನ ಹಳ್ಳಿಯಲ್ಲಿ ಅಂಥ ಬೀದಿ ಇರುವುದು ಅಪರೂಪ. ಮನೆ ತೋಟದ ನಡುವೆ, ಪಕ್ಕದ ಮನೆ ಅರ್ಧ ಮೈಲಿ ಆಚೆ. ಲೈನ್ ಮನೆಗಳು ತೋಟದ ಇನ್ನೊಂದು ಮೂಲೆಯಲ್ಲಿ, ಹಾಡಿ ಕಾಡಿನಂಚಿನಲ್ಲಿ, ಪೈಸಾರಿ ಎಂಬ ಸರ್ಕಾರಿ ಜಾಗದ ಮನೆಗಳು ಗುಡ್ಡದ ಓರೆಯಲ್ಲಿ. ಇಷ್ಟು ಹರಡಿಕೊಂಡ ನೆಲದಲ್ಲಿ ಮಕ್ಕಳು ಒಟ್ಟಾಗಬೇಕಾದರೆ ಯಾರಾದರೂ ಒಟ್ಟುಮಾಡಬೇಕು. ನಮ್ಮಲ್ಲಿ ಆ ಕೆಲಸವನ್ನು ಹೆಚ್ಚಾಗಿ ಮಾಡುವುದು ಒಕ್ಕ ಎಂಬ ಒಂದೇ ಮೂಲದ ಕುಲ, ಮನೆತನ, ಸಮುದಾಯದ ಸಮಾಜ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಹಾಕಿ ಹಬ್ಬವನ್ನೇ ನೋಡಿ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳು ಆಡಿದವು, ಜಗತ್ತೇ ಬೆರಗಾಗಿ ನೋಡುವಂಥ ಸಂಗತಿ ಅದು. ಉಳಿದ ಸಮುದಾಯಗಳೂ ತಮ್ಮ ತಮ್ಮ ಕಪ್‌ಗಳನ್ನು ನಡೆಸುತ್ತವೆ. ಇವೆಲ್ಲ ನಮ್ಮ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಜರ್ಸಿಯ ಮೇಲಿರುವುದು ಮನೆತನದ ಹೆಸರು, ಇಲ್ಲವೇ ಸಮುದಾಯದ ಹೆಸರು. ಮನೆತನದ ಹೆಸರಿನ ಹಂಗಿಲ್ಲದೆ ಮಕ್ಕಳು ಒಂದು ತಂಡವಾಗುವ ಜಾಗಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಕು, ಸ್ಕೌಟ್ಸ್ ಅವುಗಳಲ್ಲಿ ಒಂದು.

ಸ್ಕೌಟ್ಸ್‌ನ ಪ್ಯಾಟ್ರೋಲ್ ಎನ್ನುವ ಏರ್ಪಾಡಿನ ಮಹತ್ವ ಇರುವುದೇ ಇಲ್ಲಿ. ಆರರಿಂದ ಎಂಟು ಮಕ್ಕಳ ಒಂದು ಗುಂಪು, ಅವರಲ್ಲೇ ಒಬ್ಬ ಲೀಡರ್. ಶಿಬಿರದಲ್ಲಿ ಆ ಎಂಟು ಮಂದಿ ಒಂದೇ ಟೆಂಟಿನಲ್ಲಿ ಮಲಗಬೇಕು, ಒಂದೇ ಒಲೆಯಲ್ಲಿ ಬೇಯಿಸಬೇಕು, ಬಿದಿರು ಕಡಿದು ತಟ್ಟೆ ಜೋಡಿಸುವ ಅಡ್ಡೆ ಕಟ್ಟಬೇಕು. ಸೌದೆ ಹಸಿಯಾದರೆ ಎಂಟೂ ಜನರಿಗೆ ಊಟ ತಡ. ಯಾರ ಮನೆಯಲ್ಲಿ ಎಷ್ಟು ಎಕರೆ ತೋಟ ಎಂಬುದಕ್ಕೆ ಆ ಹೊತ್ತಿನಲ್ಲಿ ಬೆಲೆಯಿಲ್ಲ, ಬೆಂಕಿ ಹತ್ತಿಸಲು ಬಂದವನೇ ದೊರೆ. ಹಾಡಿಯ ಹುಡುಗನಿಗೆ ಒಣಸೌದೆ ಎಲ್ಲಿ ಸಿಗುತ್ತದೆ, ಯಾವ ಬಳ್ಳಿ ಹಗ್ಗದ ಕೆಲಸ ಮಾಡುತ್ತದೆ, ಆನೆ ಹೋದ ದಾರಿ ಹೊಸದೋ ಹಳೆಯದೋ ಎಂದು ಗೊತ್ತು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂರುವ ಅದೇ ಹುಡುಗನನ್ನು ಶಿಬಿರದಲ್ಲಿ ಉಳಿದ ಏಳು ಮಂದಿ ಕೇಳಿ ಕೇಳಿ ನಡೆಯುವುದನ್ನು ನಾನು ಕಂಡಿದ್ದೇನೆ. ಶಿಬಿರ ಮುಗಿದ ಮೇಲೆ ಅವನು ಬೆಂಚು ಬದಲಿಸಿದ.

2015ರ ನವೆಂಬರಿನಲ್ಲಿ ಮಡಿಕೇರಿಯಲ್ಲಿ ಕೋಮು ಗಲಭೆಯಾದಾಗ ಎಷ್ಟು ಬೇಗ ನಾವು ನಾವೇ ಅಲ್ಲವಾದೆವು ಎಂಬುದನ್ನು ಕಂಡವರಿಗೆ, ಸರ್ವಧರ್ಮ ಪ್ರಾರ್ಥನೆಯ ಆ ಹದಿನೈದು ನಿಮಿಷ ಬರೀ ಶಿಷ್ಟಾಚಾರ ಎನಿಸುವುದಿಲ್ಲ. ಶಿಬಿರದ ಮುಂಜಾನೆ ಎಲ್ಲ ಧರ್ಮಗಳ ಪ್ರಾರ್ಥನೆಯನ್ನೂ ಎಲ್ಲ ಮಕ್ಕಳೂ ಕೂತು ಕೇಳುತ್ತಾರೆ, ಹೇಳುತ್ತಾರೆ. ಒಂದು ಪ್ರಾರ್ಥನೆಯಿಂದ ಊರು ಬದಲಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಪಕ್ಕದವನ ದೇವರ ಹೆಸರನ್ನು ಹತ್ತನೇ ವಯಸ್ಸಿನಲ್ಲಿ ಬಾಯಾರೆ ಉಚ್ಚರಿಸಿದ ಮಗುವಿಗೆ ಇಪ್ಪತ್ತನೇ ವಯಸ್ಸಿನಲ್ಲಿ ಅವನು ಪೂರ್ತಿ ಅಪರಿಚಿತ ಆಗಲಾರ, ಅಷ್ಟೇ.

ಇನ್ನು ಮಳೆ. ಕೊಡಗಿನ ಯಾವ ಮಾತೂ ಮಳೆಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹಟ್ಟಿಹೊಳೆ, ಜೋಡುಪಾಲದ ಗುಡ್ಡಗಳು ಜಾರಿದವು. 2019ರಲ್ಲಿ ವಿರಾಜಪೇಟೆ ಕಡೆಯ ತೋರ, ಜೊತೆಗೆ ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ನೀರಿಗೆ ಸಿಕ್ಕ ಕಾವೇರಿ ದಡದ ಮನೆಗಳು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮೂರು ವರ್ಷ, ಮೂರೂ ಸಲ ಆಗಸ್ಟ್. ಆಮೇಲೆ ಪ್ರತಿ ಜೂನಿನಲ್ಲೂ ಗುಡ್ಡದ ಕೆಳಗಿನ ಮನೆಗಳಲ್ಲಿ ಚೀಲ ಕಟ್ಟಿ ಬಾಗಿಲ ಬಳಿ ಇಡುವುದು ರೂಢಿಯಾಗಿದೆ. ದಾಖಲೆ ಪತ್ರ, ಔಷಧಿ, ಒಂದು ಜೊತೆ ಬಟ್ಟೆ, ಟಾರ್ಚು.

2018ರಲ್ಲಿ ಒಂದು ಪರಿಹಾರ ಕೇಂದ್ರದಲ್ಲಿ ನಾಲ್ಕು ದಿನ ಕೈಜೋಡಿಸಿದ್ದೆ. ದೊಡ್ಡವರಾದ ನಮಗೆ ಅಲ್ಲಿ ಬೇಕಾದಷ್ಟು ಹುಮ್ಮಸ್ಸಿತ್ತು, ಕ್ರಮ ಇರಲಿಲ್ಲ. ಬಂದವರ ಹೆಸರು ಮೂರು ಕಡೆ ಬರೆದುಕೊಂಡೆವು, ಒಂದು ಕಡೆಯೂ ಪೂರ್ತಿಯಾಗಿರಲಿಲ್ಲ. ಎರಡನೇ ದಿನ ಇಬ್ಬರು ಕಾಲೇಜು ಹುಡುಗಿಯರು ಬಂದರು, ಶಾಲೆಯಲ್ಲಿದ್ದಾಗ ಗೈಡ್ಸ್‌ನಲ್ಲಿದ್ದವರಂತೆ. ಅವರು ಮೊದಲು ಕೇಳಿದ್ದು ಅಕ್ಕಿ ಬೇಳೆಯ ವಿಷಯವಲ್ಲ, ‘ಬಿ.ಪಿ., ಶುಗರ್ ಮಾತ್ರೆ ಬಿಟ್ಟು ಬಂದವರು ಯಾರ್‍ಯಾರು ಇದ್ದಾರೆ?’ ಎಂದು. ಒಂದು ನೋಟ್ ಬುಕ್ಕಿನಲ್ಲಿ ಗೆರೆ ಹಾಕಿ ಹೆಸರು, ವಯಸ್ಸು, ಊರು, ಮಾತ್ರೆ ಎಂದು ನಾಲ್ಕು ಕಾಲಂ ಮಾಡಿದರು. ಪ್ರತಿ ಚಾಪೆಯ ಬಳಿ ಮಂಡಿಯೂರಿ ಕೂತು ಬರೆದುಕೊಂಡರು. ಮಧ್ಯಾಹ್ನದೊಳಗೆ ಆ ಪುಸ್ತಕ ವೈದ್ಯರ ಕೈಗೆ ಹೋಯಿತು. ಸಂಜೆ ಅದೇ ಇಬ್ಬರು ಮೂಲೆಯಲ್ಲಿ ಚಿಕ್ಕ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಸ್ಕೌಟ್ ಚಪ್ಪಾಳೆ ಹೊಡೆಸುತ್ತಿದ್ದರು. ಮನೆ ಕಳೆದುಕೊಂಡ ತಾಯಂದಿರು ಗೋಡೆಗೊರಗಿ ಅಂದು ಮೊದಲ ಬಾರಿಗೆ ಕಣ್ಣು ಮುಚ್ಚಿದರು.

ಮಕ್ಕಳನ್ನು ಕುಸಿಯುವ ಗುಡ್ಡದ ಬುಡಕ್ಕೆ ಕಳಿಸಿ ಎಂದು ಯಾರೂ ಹೇಳುವುದಿಲ್ಲ, ಹೇಳಬಾರದು. ಅದು ಸೇನೆಯ, ಎನ್‌ಡಿಆರ್‌ಎಫ್‌ನ, ಅಗ್ನಿಶಾಮಕ ದಳದ ಕೆಲಸ. ಆದರೆ ವಿಪತ್ತಿನ ನೂರು ಕೆಲಸಗಳಲ್ಲಿ ಹಗ್ಗ ಹಿಡಿದು ಇಳಿಯುವುದು ಹತ್ತು, ಉಳಿದ ತೊಂಬತ್ತು ಪಟ್ಟಿ ಬರೆಯುವುದು, ನೀರು ಕುದಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಅಜ್ಜಿಯ ಕೈ ಹಿಡಿದು ಶೌಚಾಲಯಕ್ಕೆ ಕರೆದೊಯ್ಯುವುದು. ಸ್ಕೌಟ್ಸ್ ಪಠ್ಯದಲ್ಲಿ ಇವೆಲ್ಲ ಮೊದಲಿನಿಂದಲೂ ಇವೆ. ಕೇಂದ್ರ ಸರ್ಕಾರಕ್ಕೂ ಇದು ಹೊಳೆದಂತಿದೆ. ವಿಪತ್ತಿನಲ್ಲಿ ನೆರವಾಗಲು ಸ್ವಯಂಸೇವಕರನ್ನು ತಯಾರು ಮಾಡುವ ಆಪದ ಮಿತ್ರ ಯೋಜನೆಯ ಮುಂದುವರಿಕೆಯಾಗಿ ಬಂದಿರುವ ಯುವ ಆಪದ ಮಿತ್ರದಲ್ಲಿ ಎನ್‌ಸಿಸಿ, ಎನ್‌ಎಸ್‌ಎಸ್, ನೆಹರೂ ಯುವ ಕೇಂದ್ರದ ಜೊತೆಗೆ ಸ್ಕೌಟ್ಸ್ ಮತ್ತು ಗೈಡ್ಸ್ ಕೂಡ ಇದೆ. 300ಕ್ಕೂ ಹೆಚ್ಚು ಜಿಲ್ಲೆಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಯುವಜನರಿಗೆ ತರಬೇತಿ ಕೊಡುವುದು ಅದರ ಗುರಿ. ಒಳ್ಳೆಯ ಹೆಜ್ಜೆ. ಆದರೆ ತರಬೇತಿ ಪಡೆದವರು ಮರಳಿ ಹೋಗಲು ಊರಿನಲ್ಲಿ ಒಂದು ಜೀವಂತ ದಳ ಇರದಿದ್ದರೆ, ಪ್ರಮಾಣಪತ್ರ ಕಪಾಟಿಗೆ ಸೇರುತ್ತದೆ, ಗಂಟು ಮರೆತುಹೋಗುತ್ತದೆ.

ದಳ ಯಾಕೆ ಜೀವ ಹಿಡಿಯುತ್ತಿಲ್ಲ? ಕಾರಣ ಹುಡುಕಿ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ, ಶಾಲೆಯ ವೇಳಾಪಟ್ಟಿ ನೋಡಿದರೆ ಸಾಕು. ಮಳೆ ಹೆಚ್ಚಾದಾಗ ಜಿಲ್ಲಾಡಳಿತ ರಜೆ ಕೊಡುತ್ತದೆ, ಕೊಡಲೇಬೇಕು. ಹಳ್ಳ, ತೋಡು ದಾಟಿ ಬರುವ ಮಕ್ಕಳ ಜೀವದ ಪ್ರಶ್ನೆ ಅದು. ಹಾಗೆ ತಪ್ಪಿದ ಪಾಠಗಳನ್ನು ಮಳೆ ಕಳೆದ ಮೇಲೆ ಶನಿವಾರ ಪೂರ್ತಿ ದಿನ ತರಗತಿ ನಡೆಸಿ ಸರಿದೂಗಿಸಲಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ತಿಂದ ದಿನಗಳಿಗೆ ಸೆಪ್ಟೆಂಬರ್ ಬಳಿಕದ ಶನಿವಾರಗಳು ದಂಡ ಕಟ್ಟುತ್ತವೆ. ಸ್ಕೌಟ್ಸ್ ನಡೆಯುತ್ತಿದ್ದುದೇ ಶನಿವಾರ ಮಧ್ಯಾಹ್ನ. ಬೇರೆ ಜಿಲ್ಲೆಗಳಿಗೆ ಇಷ್ಟು ತೀವ್ರವಾಗಿ ಕಾಡದ ಈ ತೊಡಕು ಕೊಡಗಿನಲ್ಲಿ ವರ್ಷ ವರ್ಷವೂ ಮರುಕಳಿಸುತ್ತದೆ. ಮಳೆಗೆ ಸಿದ್ಧರಾಗಲು ಮಕ್ಕಳಿಗೆ ಕಲಿಸಬೇಕಾದ ಹೊತ್ತನ್ನೇ ಮಳೆ ನುಂಗಿಹಾಕುತ್ತಿದೆ. ಇದರ ಬಗ್ಗೆ ಯಾವ ಸಭೆಯಲ್ಲೂ ಮಾತು ಬಂದದ್ದನ್ನು ನಾನು ಕೇಳಿಲ್ಲ.

ಎರಡನೆಯದು ಶಿಕ್ಷಕರ ಮೇಲಿನ ಹೊರೆ. ಅರವತ್ತರೊಳಗೆ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೆ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಇಬ್ಬರು ಶಿಕ್ಷಕರು. ಪಾಠ, ಬಿಸಿಯೂಟ, ಹಾಲು, ಮೊಟ್ಟೆ, ಕಂಪ್ಯೂಟರಿಗೆ ತುಂಬುವ ಮಾಹಿತಿ, ಚುನಾವಣೆ ಬಂದರೆ ಮತದಾರರ ಪಟ್ಟಿ, ಎಲ್ಲಕ್ಕೂ ಅವರೇ. ಅವರಲ್ಲೊಬ್ಬರು ಬೇಸಿಗೆಯಲ್ಲಿ ವಾರಗಟ್ಟಲೆ ತರಬೇತಿಗೆ ಹೋಗಿ ಬಂದು ಸ್ಕೌಟ್ ಮಾಸ್ಟರ್ ಆಗಿದ್ದಾರೆ ಎಂದರೆ ಅದು ಇಷ್ಟಪಟ್ಟು ಹೊತ್ತ ಹೊರೆ, ಸಂಬಳಕ್ಕೆ ಸೇರಿದ್ದಲ್ಲ. ಅಂಥವರಿಗೆ ವರ್ಗವಾದರೆ ದಳ ಅಲ್ಲಿಗೇ ನಿಲ್ಲುತ್ತದೆ. ನಾನು ಓದಿದ ಶಾಲೆಯಲ್ಲಿ ಆದದ್ದು ಇದೇ. ನಮ್ಮ ಮೇಷ್ಟ್ರು ಬೇರೆ ಊರಿಗೆ ಹೋದ ವರ್ಷ ದಳ ನಿಂತಿತು. ಹಲವು ವರ್ಷಗಳ ನಂತರ ಶಾಲೆಯ ಉಗ್ರಾಣ ಖಾಲಿ ಮಾಡುವಾಗ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತೆಂದು ಹೇಳಿ ಕಳಿಸಿದರು. ಒಳಗೆ ಮಡಚಿಟ್ಟ ಸ್ಕಾರ್ಫ್‌ಗಳು, ತುಕ್ಕು ಹಿಡಿದ ಬೆಲ್ಟಿನ ಬಕಲ್‌ಗಳು, ಒಂದು ಸೀಟಿ. ಒಂದು ಸ್ಕಾರ್ಫಿನ ತುದಿಯಲ್ಲಿ ಗಂಟು ಹಾಗೇ ಇತ್ತು. ದಿನಕ್ಕೊಂದು ಒಳ್ಳೆಯ ಕೆಲಸ ಮಾಡಬೇಕು, ಮಾಡುವವರೆಗೆ ಗಂಟು ಬಿಚ್ಚಬಾರದು ಎಂಬ ಪಾಠವಿತ್ತು ನಮಗೆ. ಯಾರದೋ ಆ ದಿನದ ಕೆಲಸ ಬಾಕಿ ಉಳಿದುಹೋಗಿದೆ.

ಈ ನಡುವೆ ದಳಗಳು ಚೆನ್ನಾಗಿ ನಡೆಯುವುದು ಹೆಚ್ಚಾಗಿ ಪಟ್ಟಣದ, ಶುಲ್ಕ ಕಟ್ಟುವ, ಸ್ವಂತ ಬಸ್ಸಿರುವ ಶಾಲೆಗಳಲ್ಲಿ. ಅಲ್ಲಿ ತಡವಾದರೂ ಮಗುವನ್ನು ಮನೆಗೆ ಬಿಡುವ ವಾಹನವಿದೆ, ಸಮವಸ್ತ್ರದ ಬೂದು ಅಂಗಿ, ನೀಲಿ ಪ್ಯಾಂಟು, ಬೆಲ್ಟು, ಟೋಪಿಗೆ ದುಡ್ಡು ಕೊಡುವ ಪೋಷಕರಿದ್ದಾರೆ. ಸಿಇಟಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ವಿಶೇಷ ಪ್ರವರ್ಗದ ಸೀಟುಗಳಿವೆ, ರೈಲ್ವೆ ನೇಮಕಾತಿಯಲ್ಲೂ ಕೋಟಾ ಇದೆ. ಅದಕ್ಕಾಗಿ ಮಕ್ಕಳನ್ನು ಸೇರಿಸುವ ಪೋಷಕರನ್ನು ನಾನು ದೂರಲಾರೆ. ಆದರೆ ಆ ಕೋಟಾದ ಸುದ್ದಿಯೇ ತಲುಪದ ಲೈನ್ ಮನೆಯಿಂದ ಬಂದ ಹುಡುಗಿಯೇ ನನ್ನ ಕಣ್ಣೆದುರಿಗೆ ಬೋಲೈನ್ ಹಾಕಿ ತೋರಿಸಿದ್ದು. ಶನಿವಾರ ಮಧ್ಯಾಹ್ನ ಎರಡು ಗಂಟೆಯ ಬಸ್ಸು ತಪ್ಪಿದರೆ ಮುಂದಿನದು ಸಂಜೆಗೆ. ಸಂಜೆಯಾದರೆ ತೋಟದ ದಾರಿಯಲ್ಲಿ ಆನೆ ಭಯ. ಅವಳ ತಾಯಿ ಬೇಡ ಎಂದರೆ ಅದು ಹಿಂದುಳಿದ ಮನಸ್ಸಲ್ಲ, ಸರಿಯಾದ ಎಚ್ಚರ. ದಳ ಪಟ್ಟಣದ ಶಾಲೆಗಳಿಗೆ ಮಾತ್ರ ಉಳಿದರೆ ಪದಕಗಳ ಸಂಖ್ಯೆ ಕಡಿಮೆಯಾಗಲಿಕ್ಕಿಲ್ಲ. ಏಳು ಮಕ್ಕಳಲ್ಲಿ ಐದು ಮನೆಮಾತಿರುವ ಜಗಲಿ ಇಲ್ಲವಾಗುತ್ತದೆ.

‘ಕೊಡಗಿಗೆ ಎನ್‌ಸಿಸಿ ಇದೆಯಲ್ಲ, ಸಾಲದೇ?’ ಎಂದು ಕೇಳುವವರಿದ್ದಾರೆ. ಕಾರ್ಯಪ್ಪ, ತಿಮ್ಮಯ್ಯನವರ ನಾಡಿನಲ್ಲಿ, ಕೂಡಿಗೆಯಲ್ಲಿ ಸೈನಿಕ ಶಾಲೆ ಇರುವಲ್ಲಿ, ಆ ಪ್ರಶ್ನೆ ಸಹಜ. ಎನ್‌ಸಿಸಿ ರಕ್ಷಣಾ ಸಚಿವಾಲಯದ ಅಡಿಯಲ್ಲಿ ನಡೆಯುತ್ತದೆ, ಅದರ ಶಿಸ್ತಿಗೆ ಅದರದೇ ಬೆಲೆಯಿದೆ. ಆದರೆ ಅದು ಆರಂಭವಾಗುವುದೇ ಪ್ರೌಢಶಾಲೆಯಲ್ಲಿ. ಐದಾರು ವರ್ಷದ ಮಗುವನ್ನು, ಹುಡುಗನಾದರೆ ಕಬ್, ಹುಡುಗಿಯಾದರೆ ಬುಲ್‌ಬುಲ್ ಎಂದು, ಸೇರಿಸಿಕೊಳ್ಳುವುದು ಸ್ಕೌಟ್ಸ್. ಹಾಡಿಯ ಮಕ್ಕಳಲ್ಲಿ ಅನೇಕರು ಶಾಲೆ ಬಿಡುವುದು ಪ್ರೌಢಶಾಲೆಯ ಹೊಸ್ತಿಲಲ್ಲಿ. ಅದಕ್ಕೂ ಮೊದಲೇ ಅವರನ್ನು ಹಿಡಿದು ನಿಲ್ಲಿಸುವ ಒಂದು ಎಳೆ ಬೇಕು.

ಹಾಗಾದರೆ ಮಾಡುವುದೇನು? ಮೊದಲನೆಯದಾಗಿ, ಮಕ್ಕಳನ್ನು ಗಣ್ಯರ ಸ್ವಾಗತಕ್ಕೆ, ವೇದಿಕೆಯಲ್ಲಿ ಹೂಗುಚ್ಛದ ತಟ್ಟೆ ಹಿಡಿಯಲು ಬಳಸುವುದನ್ನು ನಿಲ್ಲಿಸಬೇಕು. ಎರಡು ಗಂಟೆ ಬಿಸಿಲಲ್ಲಿ ನಿಂತು ಸಚಿವರ ಕಾರು ಕಾಯುವುದು ಸೇವೆಯಲ್ಲ, ಅದಕ್ಕೆ ಹೋದ ಶನಿವಾರವೂ ಕಳೆದುಹೋದ ಶನಿವಾರವೇ. ಮಳೆ ರಜೆಯನ್ನು ಸರಿದೂಗಿಸುವ ಆದೇಶ ಬರೆಯುವಾಗ ತಿಂಗಳಿಗೆ ಎರಡು ಶನಿವಾರ ಮಧ್ಯಾಹ್ನವನ್ನಾದರೂ ದಳಕ್ಕೆಂದು ಬಿಟ್ಟುಕೊಡಬಹುದು, ಅದಕ್ಕೆ ದುಡ್ಡು ಬೇಕಾಗಿಲ್ಲ. ಪ್ರತಿ ಶಾಲೆಗೂ ಒಂದು ದಳ ಎಂಬ ಹಟವನ್ನೂ ಬಿಡಬಹುದು. ಹತ್ತಿಪ್ಪತ್ತು ಮಕ್ಕಳ ಶಾಲೆಗಳು ಮೂರು ನಾಲ್ಕು ಸೇರಿ ಒಂದೇ ದಳ ಕಟ್ಟಲು ಅಡ್ಡಿಯಿಲ್ಲ, ಶಾಲೆಯ ಹೊರಗೆ ಊರಿನವರೇ ನಡೆಸುವ ದಳಗಳಿಗೂ ಸಂಸ್ಥೆಯಲ್ಲಿ ಅವಕಾಶವಿದೆ.

ದಳ ನಡೆಸುವವರು ಶಿಕ್ಷಕರೇ ಆಗಬೇಕೆಂದೇನೂ ಇಲ್ಲ. ಕೊಡಗಿನ ಯಾವ ಊರಿನಲ್ಲಿ ನಿವೃತ್ತ ಸೈನಿಕರಿಲ್ಲ ಹೇಳಿ? ನಕ್ಷೆ ಓದುವುದು, ಪ್ರಥಮ ಚಿಕಿತ್ಸೆ, ಹಗ್ಗದ ಕೆಲಸ, ಹೊರಗೆ ಒಲೆ ಹೂಡುವುದು ಎಲ್ಲ ಬಲ್ಲ ಹವಾಲ್ದಾರರು, ಸುಬೇದಾರರು ನಲವತ್ತು ನಲವತ್ತೈದರ ಪ್ರಾಯದಲ್ಲೇ ಮನೆಗೆ ಬಂದು ತೋಟ ನೋಡಿಕೊಂಡಿದ್ದಾರೆ. ಅವರಿಗೆ ಸ್ಕೌಟ್ಸ್‌ನ ಮೂಲ ತರಬೇತಿ ಕೊಡಿಸಬೇಕು, ಏಕೆಂದರೆ ಮಕ್ಕಳೊಂದಿಗೆ ಪರೇಡ್ ಮೈದಾನದ ದನಿ ನಡೆಯುವುದಿಲ್ಲ. ಮಕ್ಕಳ ಸುರಕ್ಷತೆಯ ನಿಯಮಗಳೂ ಅವರಿಗೆ ಗೊತ್ತಿರಬೇಕು. ಗೈಡ್ಸ್ ದಳಕ್ಕೆ ಮಹಿಳೆಯರೇ ಬೇಕು. ಅಂಗನವಾಡಿ, ಆಶಾ ಕಾರ್ಯಕರ್ತೆಯರಲ್ಲಿ ಮನೆ ಮನೆಯ ಪರಿಚಯ ಇರುವವರು ಎಷ್ಟೋ ಮಂದಿ, ಆದರೆ ಅವರ ಮೇಲೂ ಪುಕ್ಕಟೆ ಹೊರೆ ಹೊರಿಸಬಾರದು. ಪಂಚಾಯಿತಿ ಒಂದಿಷ್ಟು ಗೌರವಧನ ಕೊಡುವ ಮನಸ್ಸು ಮಾಡಬೇಕು.

ಸ್ಕೌಟ್ಸ್‌ನಲ್ಲಿ ಪಾಥ್‌ಫೈಂಡರ್ ಎಂಬ ಬ್ಯಾಡ್ಜ್ ಇದೆ. ತನ್ನ ಸುತ್ತಲಿನ ಊರನ್ನು ಚೆನ್ನಾಗಿ ಅರಿತು, ಹೊಸಬರಿಗೆ ದಾರಿ ತೋರಿಸಬಲ್ಲ ಮಗುವಿಗೆ ಅದು. ಜಗಲಿಯ ಆ ಟೀಚರ್ ಇದನ್ನು ಹಿಡಿದು ಒಂದು ಕೆಲಸ ಮಾಡಿಸಿದ್ದರು. ಪ್ರತಿ ಹುಡುಗಿಯೂ ತನ್ನ ಮನೆಯಿಂದ ಶಾಲೆವರೆಗಿನ ದಾರಿಯನ್ನು ಡ್ರಾಯಿಂಗ್ ಹಾಳೆಯಲ್ಲಿ ಬರೆದಿದ್ದಳು. ಗದ್ದೆ ಹಸಿರು, ತೋಡು ನೀಲಿ, ಆನೆ ದಾಟುವ ಜಾಗಕ್ಕೆ ಕೆಂಪು ಗುಂಡು. ಒಬ್ಬಳೇ ಇರುವ ಅಜ್ಜಿಯ ಮನೆಗೆ ನಕ್ಷತ್ರ, ಹೋದ ವರ್ಷ ಗುಡ್ಡದ ಬರೆ ಜಾರಿದ ಕಡೆಗೆ ಕಪ್ಪು ಗೆರೆ. ಏಳೂ ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ ಗೋಡೆಗೆ ಅಂಟಿಸಿದ್ದರು. ಎಲ್ಲ ದಾರಿಗಳೂ ಬಂದು ಸೇರುವಲ್ಲಿ ಶಾಲೆ. ಲೈನ್ ಮನೆಯ ಹುಡುಗಿಯ ಹಾಳೆಯಲ್ಲಿ ನಕ್ಷತ್ರ ಮೂರಿದ್ದವು. ಆ ಮನೆಗಳಲ್ಲಿ ಇರುವವರ ಹೆಸರು, ಅವರಲ್ಲಿ ಯಾರಿಗೆ ನಡೆಯಲಾಗುವುದಿಲ್ಲ ಎಂಬುದು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು.